ಊರಿನ ನಕಾಶೆ ಊರವರ ಕೈಯಲ್ಲಿ
(ಸಂಘದ ಬೆಳ್ಳಿಹಬ್ಬದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಹೊತ್ತಿನಲ್ಲಿ ನಮ್ಮನ್ನೂ ವೇದಿಕೆಗೆ ಕರೆದು ನಾಲ್ಕು ಮಾತು ಹೇಳಿ ಅಂದಿದ್ದೀರಿ. ಅದಕ್ಕೆ ನಾವು ಋಣಿಗಳು. ನಾವು ಅಂದರೆ, ಸಂಘದ ಮೇಲಿನ ಕೋಣೆಯಲ್ಲಿ ಭಾನುವಾರ ಭಾನುವಾರ ಸೇರಿ ಕಂಪ್ಯೂಟರಿನಲ್ಲಿ ನಕಾಶೆ ಮಾಡುವುದನ್ನು ಕಲಿಯುತ್ತಾ, ಕಲಿಸುತ್ತಾ ಇರುವವರು. "ಮೇಲೆ ಕೂತು ಅದೇನು ಮಾಡ್ತಾರಪ್ಪ ಇವರು, ಕರೆಂಟು ಬೇರೆ ಸಂಘದ್ದು" ಅಂತ ಕೆಲವು ಹಿರಿಯರು ಕೇಳಿದ್ದುಂಟು. ಕೇಳಿದ್ದು ಸರಿಯಾಗಿಯೇ ಇದೆ. ಸಂಘದಲ್ಲಿ ಯಾರೇ ಆಗಲಿ, ಲೆಕ್ಕ ಒಪ್ಪಿಸಬೇಕು. ಇವತ್ತು ನಮ್ಮ ಸರದಿ.

ನಕಾಶೆ ಯಾರ ಕೈಯಲ್ಲಿತ್ತು?

ನಕಾಶೆ ಅನ್ನುವುದು ನಮಗೆ ಹೊಸದೇನಲ್ಲ. ಜಮೀನು ಇರುವ ಪ್ರತಿಯೊಬ್ಬರೂ ಟಿಪ್ಪಣಿ, ಪೋಡಿ, ಹಿಸ್ಸಾ, ಹದ್ದುಬಸ್ತು ಈ ಮಾತುಗಳನ್ನು ಕೇಳಿಯೇ ಬೆಳೆದವರು. ಆದರೆ ನಕಾಶೆ ಮಾಡುವ ಕೆಲಸ ಮಾತ್ರ ಯಾವತ್ತೂ ನಮ್ಮ ಕೈಯಲ್ಲಿ ಇರಲಿಲ್ಲ. ಭಾರತೀಯ ಸರ್ವೇಕ್ಷಣಾ ಇಲಾಖೆ ಶುರುವಾದದ್ದು 1767ರಲ್ಲಿ, ಕಂಪನಿ ಸರ್ಕಾರದ ಕಾಲದಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ನಮ್ಮ ಮೈಸೂರು ಸೀಮೆಯನ್ನು ಅಳೆಯುವ ಕೆಲಸ ಕರ್ನಲ್ ಮೆಕೆಂಜಿಯ ಪಾಲಿಗೆ ಬಂತು. ಅದೇ ಕಾಲಕ್ಕೆ ಲ್ಯಾಂಬ್ಟನ್ ಎಂಬ ಅಧಿಕಾರಿ 1800ರಲ್ಲಿ ಬೆಂಗಳೂರಿನ ಹತ್ತಿರ ಆಧಾರ ರೇಖೆ ಎಳೆದು ಅಳತೆ ಮಾಡಿದ. 1802ರಲ್ಲಿ ಮದರಾಸಿನಿಂದ ಶುರುವಾದ ದೇಶದ ದೊಡ್ಡ ತ್ರಿಕೋನ ಸರ್ವೆಗೂ ಅವನದೇ ಮುಂದಾಳತ್ವ. ಅವರದೆಲ್ಲ ಅದ್ಭುತ ಕೆಲಸ, ಎರಡು ಮಾತಿಲ್ಲ. ಆದರೆ ಆ ನಕಾಶೆಗಳು ಬೇಕಾಗಿದ್ದು ಸೈನ್ಯಕ್ಕೆ ಮತ್ತು ಕಂದಾಯಕ್ಕೆ. ಸರಪಳಿ ಹಿಡಿದವರು, ಕಲ್ಲು ಹೊತ್ತವರು ನಮ್ಮ ಅಜ್ಜಂದಿರು. ಕಾಗದ ಹೋಗಿ ಸೇರಿದ್ದು ಕಚೇರಿಗೆ.

ಸ್ವಾತಂತ್ರ್ಯ ಬಂದ ಮೇಲೂ ಬಹಳ ಕಾಲ ನಕಾಶೆಯ ಸುತ್ತ ಅಪ್ಪಣೆ, ಪರವಾನಗಿಗಳ ಬೇಲಿ ಇತ್ತು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊಸ ಮಾರ್ಗಸೂಚಿ ಹೊರಡಿಸಿ, ಭಾರತೀಯರು ನಕಾಶೆ ಮಾಡುವುದಕ್ಕೆ ಮುಂಚಿತವಾಗಿ ಅನುಮತಿ ಪಡೆಯಬೇಕಾಗಿಲ್ಲ ಎಂದು ಹೇಳಿತು. ರಕ್ಷಣೆಗೆ ಸಂಬಂಧಪಟ್ಟ ಕೆಲವು ವಿವರಗಳಿಗೆ ಮಾತ್ರ ನಿರ್ಬಂಧ ಉಳಿಯಿತು. ಬೇಲಿಯ ಬಾಗಿಲು ತೆಗೆದಿದೆ. ಒಳಗೆ ಕಾಲಿಡುವುದು ನಮಗೆ ಬಿಟ್ಟದ್ದು.

ಅಲಾಸ್ಕಾದ ಒಬ್ಬರು ನೆಟ್ಟ ಗಿಡ

ನಾವು ಬಳಸುವ ತಂತ್ರಾಂಶದ ಹೆಸರು ಕ್ಯೂಜಿಐಎಸ್. ಅಮೆರಿಕದ ಉತ್ತರದ ತುದಿಯ ಅಲಾಸ್ಕಾದಲ್ಲಿದ್ದ ಗ್ಯಾರಿ ಶೆರ್ಮನ್ ಎಂಬುವರು 2002ರಲ್ಲಿ ಅದನ್ನು ಬರೆಯಲು ತೊಡಗಿದರು. ಲಿನಕ್ಸ್ ಕಂಪ್ಯೂಟರಿನಲ್ಲಿ ನಕಾಶೆ ತೆರೆದು ನೋಡಲು ತಮಗೊಂದು ಸಾಧನ ಬೇಕಾಗಿತ್ತು, ಅದಕ್ಕೆ ಬರೆದರು. ಬರೆದು ಪೆಟ್ಟಿಗೆಯಲ್ಲಿ ಬಚ್ಚಿಡದೆ ಎಲ್ಲರ ಮುಂದಿಟ್ಟರು. ನಾನಾ ದೇಶಗಳವರು ಕೈ ಹಾಕಿದರು. 2009ರ ಜನವರಿಯಲ್ಲಿ ಮೊದಲ ಪೂರ್ಣ ಆವೃತ್ತಿ ಹೊರಬಂತು. ಇವತ್ತು ವಿಶ್ವವಿದ್ಯಾಲಯ, ಸರ್ಕಾರಿ ಇಲಾಖೆ, ಕಂಪನಿ ಎಲ್ಲ ಕಡೆ ಅದು ನಡೆಯುತ್ತದೆ. ನಮ್ಮ ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತದೆ, ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತದೆ.

ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ ಎಂಬುದು ಸಣ್ಣ ವಿಷಯ. ದೊಡ್ಡ ವಿಷಯ ಅದರ ಕರಾರು. ಯಾರು ಬೇಕಾದರೂ ಬಳಸಬಹುದು. ಒಳಗೆ ಹೇಗಿದೆ ಎಂದು ಬಿಚ್ಚಿ ನೋಡಬಹುದು. ತಿದ್ದಬಹುದು, ಇನ್ನೊಬ್ಬರಿಗೆ ಹಂಚಬಹುದು. ಆದರೆ ತಿದ್ದಿ ಹಂಚುವವನು ತಾನೂ ಅದೇ ಕರಾರಿನ ಮೇಲೆ ಹಂಚಬೇಕು. ಕೂಡಿಟ್ಟ ಗಂಟನ್ನು ತನ್ನದೆಂದು ಬೀಗ ಹಾಕುವ ಹಾಗಿಲ್ಲ. ಇಂಥದ್ದಕ್ಕೆ ಮುಕ್ತ ತಂತ್ರಾಂಶ ಅನ್ನುತ್ತಾರೆ.

ಬಂಧುಗಳೇ, ಈ ಮಾತು ಎಲ್ಲೋ ಕೇಳಿದ ಹಾಗಿದೆ ಅನ್ನಿಸಲಿಲ್ಲವೇ? 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ನೇಕಾರರೂ ಇತರ ಕೆಲಸಗಾರರೂ ಕೂಡಿ ಅಂಗಡಿ ತೆರೆದದ್ದು, 1905ರಲ್ಲಿ ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರಿಗೆಂದು ಪತ್ತಿನ ಸಂಘ ಕಟ್ಟಿದ್ದು ಇದೇ ಬುದ್ಧಿಯಿಂದ. ಒಬ್ಬೊಬ್ಬರೂ ತಮ್ಮಿಂದಾದಷ್ಟು ಹಾಕುವುದು, ಎಲ್ಲರೂ ಬೇಕಾದಾಗ ಬಳಸುವುದು. ಸಹಕಾರದ ಏಳು ತತ್ವಗಳಲ್ಲಿ ಐದನೆಯದು ಶಿಕ್ಷಣ, ತರಬೇತಿ ಮತ್ತು ಮಾಹಿತಿ. ಹಾಗಾಗಿ ಸಂಘದ ಮೇಲಿನ ಕೋಣೆಯಲ್ಲಿ ನಕಾಶೆಯ ಪಾಠ ನಡೆಯುವುದು ಸಂಘದ ಕೆಲಸವೇ ಹೌದು ಎಂದು ನಾವು ನಂಬಿದ್ದೇವೆ.

ಅದು ಕೆಲಸ ಮಾಡುವ ಬಗೆ

ಒಂದು ತೆಳು ಹಾಳೆಯ ಮೇಲೆ ಊರಿನ ಸರ್ವೆ ನಂಬರುಗಳ ಗೆರೆ ಬರೆದಿದೆ ಅಂದುಕೊಳ್ಳಿ. ಇನ್ನೊಂದು ತೆಳು ಹಾಳೆಯ ಮೇಲೆ ಕೆರೆ, ಹಳ್ಳ, ಕಾಲುವೆ. ಮತ್ತೊಂದರ ಮೇಲೆ ರಸ್ತೆ, ಬಂಡಿದಾರಿ. ಇನ್ನೊಂದರ ಮೇಲೆ ಕೈಪಂಪು, ಬಾವಿ, ಬೋರ್‌ವೆಲ್. ಎಲ್ಲವನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಊರು ಕಾಣುತ್ತದೆ. ಬೇಡವಾದದ್ದನ್ನು ತೆಗೆದರೆ ಬೇಕಾದದ್ದು ಮಾತ್ರ ಕಾಣುತ್ತದೆ. ಕ್ಯೂಜಿಐಎಸ್ ಮಾಡುವುದು ಇಷ್ಟೇ. ಈ ಹಾಳೆಗಳಿಗೆ ಪದರ ಎನ್ನುತ್ತೇವೆ. ಪ್ರತಿ ಪದರದ ಬೆನ್ನಿಗೆ ನಮ್ಮ ಕಾರ್ಯದರ್ಶಿಗಳ ಲೆಡ್ಜರಿನಂಥ ಒಂದು ಪಟ್ಟಿ ಇರುತ್ತದೆ. ಬಾವಿಯ ಚುಕ್ಕೆ ಮುಟ್ಟಿದರೆ ಅದರ ಆಳ, ತೋಡಿದ ವರ್ಷ, ಬೇಸಿಗೆಯಲ್ಲಿ ನೀರು ನಿಲ್ಲುತ್ತದೋ ಇಲ್ಲವೋ ಎಲ್ಲ ತೋರಿಸುತ್ತದೆ.

ಪದರಗಳಿಗೆ ಸರಕು ಎಲ್ಲಿಂದ ಬರುತ್ತದೆ? ಒಂದಷ್ಟು ಪುಕ್ಕಟೆ ಸಿಗುತ್ತದೆ. ನಮ್ಮ ಇಸ್ರೋ ಸಂಸ್ಥೆ 2009ರಲ್ಲಿ ಭುವನ್ ಎಂಬ ನಕಾಶೆ ಸೇವೆ ಶುರು ಮಾಡಿತು. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಎಂಬುವರು ಆರಂಭಿಸಿದ ಓಪನ್‌ಸ್ಟ್ರೀಟ್‌ಮ್ಯಾಪ್ ಇದೆ. ಜಗತ್ತಿನ ಜನ ತಮ್ಮ ತಮ್ಮ ಬೀದಿಯನ್ನು ತಾವೇ ಬರೆದು ಕೂಡಿಸುವ ನಕಾಶೆ ಅದು. ಯುರೋಪಿನವರ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು 2015ರಿಂದ ಉಚಿತವಾಗಿ ಸಿಗುತ್ತಿವೆ. ಅದರ ಒಂದೊಂದು ಚುಕ್ಕೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ 100 ಚದರ ಮೀಟರ್. ನಮ್ಮ ಒಂದು ಗುಂಟೆ 33 ಅಡಿಗೆ 33 ಅಡಿ, ಮೀಟರಿನಲ್ಲಿ ಹೇಳಿದರೆ ಸುಮಾರು 101 ಚದರ ಮೀಟರ್. ಅಲ್ಲಿಗೆ ಆಕಾಶದಿಂದ ತೆಗೆದ ಚಿತ್ರದ ಒಂದು ಚುಕ್ಕೆ ಹೆಚ್ಚು ಕಡಿಮೆ ನಮ್ಮ ಒಂದು ಗುಂಟೆ, 40 ಚುಕ್ಕೆ ಒಂದು ಎಕರೆ! ಈ ಲೆಕ್ಕ ಹೇಳಿದ ದಿನ ತರಗತಿಯಲ್ಲಿ ಕೂತಿದ್ದ ರೈತರ ಮುಖ ಅರಳಿತು. ಕೆರೆಯಲ್ಲಿ ಎಷ್ಟು ಚುಕ್ಕೆ ನೀರು, ಎಷ್ಟು ಚುಕ್ಕೆ ಜಾಲಿ ಅಂತ ಎಣಿಸುವುದಕ್ಕೆ ಅವರಿಗೆ ಇಂಗ್ಲಿಷ್ ಬೇಕಾಗಲಿಲ್ಲ.

ಕಲಿಸುವ ದಾರಿ

ಕಲಿಸುವ ವಿಷಯದಲ್ಲಿ ನಮಗೆ ಗೊತ್ತಾದ ಕೆಲವು ಸಂಗತಿ ಹೇಳುತ್ತೇವೆ. ಅಕ್ಕಪಕ್ಕದ ಸಂಘದವರು ಕೇಳುತ್ತಿದ್ದೀರಿ, ನಿಮಗೂ ಉಪಯೋಗಕ್ಕೆ ಬಂದೀತು.

ಮೊದಲನೆಯದು, ಪಾಠ ಶುರುವಾಗಬೇಕಾದದ್ದು ನಡೆದಾಡುವುದರಿಂದ. ಮೊದಲ ಭಾನುವಾರ ನಾವು ಕಂಪ್ಯೂಟರ್ ಹಾಕುವುದೇ ಇಲ್ಲ. ದೊಡ್ಡ ಹಾಳೆ, ಪೆನ್ಸಿಲು ಹಿಡಿದು ಊರು ಸುತ್ತುತ್ತೇವೆ. ಇದು ನಾವು ಕಂಡುಹಿಡಿದದ್ದಲ್ಲ. 1990ರ ದಶಕದ ಆರಂಭದಲ್ಲಿ ಕೇರಳದಲ್ಲಿ ಶಾಸ್ತ್ರ ಸಾಹಿತ್ಯ ಪರಿಷತ್ತಿನವರೂ ವಿಜ್ಞಾನಿಗಳೂ ಸೇರಿ ಪಂಚಾಯಿತಿಗಳ ಸಂಪನ್ಮೂಲ ನಕಾಶೆ ಮಾಡಿಸಿದರು. ಊರಿನ ಸ್ವಯಂಸೇವಕರು ಕಂದಾಯ ನಕಾಶೆ ಹಿಡಿದು ಹೊಲ ಹೊಲ ತಿರುಗಿ ಮಣ್ಣು, ನೀರು, ಬೆಳೆ ಗುರುತು ಹಾಕಿದರು. 2009ರಲ್ಲಿ ಕೀನ್ಯಾ ದೇಶದ ನೈರೋಬಿಯ ಕಿಬೇರಾ ಎಂಬ ದೊಡ್ಡ ಕೊಳೆಗೇರಿಯಲ್ಲೂ ಹೀಗೆಯೇ ಆಯಿತು. ಲಕ್ಷಾಂತರ ಜನ ಇದ್ದ ಜಾಗ ನಕಾಶೆಗಳಲ್ಲಿ ಬರೀ ಖಾಲಿ. ಅಲ್ಲಿಯದೇ ಯುವಕ ಯುವತಿಯರು ಜಿಪಿಎಸ್ ಹಿಡಿದು ಓಣಿ ಓಣಿ ನಡೆದು ನೀರಿನ ನಲ್ಲಿ, ಶೌಚಾಲಯ, ಶಾಲೆ, ದವಾಖಾನೆ ಎಲ್ಲ ಗುರುತು ಮಾಡಿದರು. ನಡೆದವರಿಗೇ ನಕಾಶೆ ಒಲಿಯುವುದು.

ಎರಡನೆಯದು, ನಮ್ಮ ಊರನ್ನೇ ಪಾಠ ಮಾಡಿಕೊಳ್ಳಬೇಕು. ಕ್ಯೂಜಿಐಎಸ್ ಕಲಿಕೆಯ ಪುಸ್ತಕ ಬಹಳ ಚೆನ್ನಾಗಿದೆ, ಆದರೆ ಅದರ ಉದಾಹರಣೆಗಳು ದಕ್ಷಿಣ ಆಫ್ರಿಕಾದ ಸ್ವೆಲೆಂಡಾಮ್ ಎಂಬ ಊರಿನವು. ಅಲ್ಲಿನ ರಸ್ತೆ ನೋಡಿ ನಮ್ಮ ಹುಡುಗರು ತಲೆ ಆಡಿಸುತ್ತಾರೆ, ಸಂಜೆಗೆ ಮರೆಯುತ್ತಾರೆ. ಅದೇ ಪಾಠವನ್ನು ನಮ್ಮ ಕೆರೆ ಏರಿಯ ಮೇಲೆ ಮಾಡಿದರೆ ಮರೆಯುವುದಿಲ್ಲ. "ನಮ್ಮ ಕೊಟ್ಟಿಗೆ ಎಲ್ಲಿ ಸರ್ ಕಾಣ್ತಿಲ್ಲ?" ಅಂತ ಒಬ್ಬ ಕೇಳಿದ ಅಂದರೆ ಅವನು ಕಲಿತ ಅಂತಲೇ ಅರ್ಥ.

ಮೂರನೆಯದು, ಮೌಸು ಕಲಿಯುವವರ ಕೈಯಲ್ಲೇ ಇರಬೇಕು. ಕಲಿಸುವವರು ಕೈ ಕಟ್ಟಿಕೊಂಡು ನಿಲ್ಲಬೇಕು. ಒಂದು ಕಂಪ್ಯೂಟರಿಗೆ ಇಬ್ಬರು, ಅರ್ಧ ಗಂಟೆಗೊಮ್ಮೆ ಜಾಗ ಬದಲು. ಮತ್ತು ಕಲಿತವರು ಮುಂದಿನ ತಂಡದಲ್ಲಿ ಇಬ್ಬರಿಗಾದರೂ ಕಲಿಸಬೇಕು. ಇದು ನಮ್ಮ ಶುಲ್ಕ, ಬೇರೆ ಶುಲ್ಕವಿಲ್ಲ. ಸ್ತ್ರೀಶಕ್ತಿ ಗುಂಪಿನ ತಾಯಂದಿರು ಸೊಸೆಯಂದಿರಿಗೆ ಕಲಿಸುತ್ತಿದ್ದಾರೆ. ಯಾವ ಕೈಪಂಪಿನ ನೀರು ಬೇಳೆ ಬೇಯಿಸುತ್ತದೆ, ಯಾವುದು ಬೇಯಿಸುವುದಿಲ್ಲ ಎಂಬ ವಿವರ ನಮ್ಮ ಪಟ್ಟಿಗೆ ಬಂದದ್ದು ಅವರಿಂದ. ಗಂಡಸರಿಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ.

ನಾಲ್ಕನೆಯದು ಸ್ವಲ್ಪ ಕುಶಲದ ಮಾತು. ಕನ್ನಡದಲ್ಲೇ ಹೆಸರು ಬರೆಯಿರಿ, ಯುನಿಕೋಡ್‌ನಲ್ಲಿ ಚೆನ್ನಾಗಿ ಮೂಡುತ್ತದೆ. ಆದರೆ ಶೇಪ್‌ಫೈಲ್ ಎಂಬ ಹಳೆಯ ರೀತಿಯ ಕಡತದಲ್ಲಿ ಪಟ್ಟಿಯ ತಲೆಬರಹಕ್ಕೆ ಜಾಗ ಬಹಳ ಕಮ್ಮಿ, ಕನ್ನಡದ ಮೂರು ಅಕ್ಷರ ಹಿಡಿಸಿದರೆ ಹೆಚ್ಚು. ಜಿಯೋಪ್ಯಾಕೇಜ್ ಎಂಬ ಹೊಸ ರೀತಿಯಲ್ಲಿ ಉಳಿಸಿದರೆ ಆ ತೊಂದರೆ ಇಲ್ಲ. ಹಾಗೆಯೇ ವಿಸ್ತೀರ್ಣ ಅಳೆಯುವ ಮುಂಚೆ ನಕಾಶೆಯನ್ನು ಡಿಗ್ರಿಯಿಂದ ಮೀಟರಿಗೆ ತಿರುಗಿಸಿಕೊಳ್ಳಿ. ಕರ್ನಾಟಕದ ಬಹುಪಾಲು ಬರುವುದು 43ನೆಯ ಉತ್ತರ ವಲಯದಲ್ಲಿ, ಅದರ ಸಂಖ್ಯೆ 32643. ಕೋಲಾರದ ಕಡೆ 78 ಡಿಗ್ರಿ ರೇಖಾಂಶ ದಾಟಿದವರಿಗೆ 44ನೆಯ ವಲಯ. ಬಂದ ಚದರ ಮೀಟರನ್ನು 101.17ರಿಂದ ಭಾಗಿಸಿದರೆ ಗುಂಟೆ ಬಂತು.

ಇದರಿಂದ ಆಗದ ಕೆಲಸ

ಈಗ ಎಲ್ಲರೂ ಸ್ವಲ್ಪ ಗಮನವಿಟ್ಟು ಕೇಳಬೇಕು. ತರಗತಿ ಶುರುವಾದ ಮೇಲೆ ನಮ್ಮ ಹತ್ತಿರ ಬಂದವರಲ್ಲಿ ಬಹಳ ಜನ ಕೇಳಿದ್ದು ಒಂದೇ: "ಪಕ್ಕದವನು ನಮ್ಮ ಬದು ಒತ್ತಿದ್ದಾನೆ, ನಿಮ್ಮ ಕಂಪ್ಯೂಟರಲ್ಲಿ ನೋಡಿ ಹೇಳಿ."

ನಾವು ಹೇಳುವುದಿಲ್ಲ. ಹೇಳಲು ಬರುವುದೂ ಇಲ್ಲ. ಕಾರಣ ಲೆಕ್ಕದಲ್ಲೇ ಇದೆ. ಬಯಲಲ್ಲಿ ನಿಂತಾಗಲೇ ಮೊಬೈಲಿನ ಜಿಪಿಎಸ್ ಸುಮಾರು 5 ಮೀಟರ್ ಅತ್ತಿತ್ತ ತೋರಿಸುತ್ತದೆ. ತೆಂಗು, ಅಡಿಕೆ ತೋಟದೊಳಗೆ ಇನ್ನೂ ಹೆಚ್ಚು. ಒಂದು ಗುಂಟೆಯ ಅಂಚೇ 10 ಮೀಟರ್. ಅರ್ಧ ಗುಂಟೆಯ ಉದ್ದಕ್ಕೆ ತಪ್ಪುವ ಸಾಧನ ಹಿಡಿದು ಒಂದು ಮೊಳದ ಬದುವಿನ ನ್ಯಾಯ ಹೇಳಲು ಆಗುತ್ತದೆಯೇ? ಇನ್ನು ಹಳೆಯ ಗ್ರಾಮ ನಕಾಶೆ. ನಮ್ಮ ಕಡೆ ಅದು ಸಾಮಾನ್ಯವಾಗಿ ಮೈಲಿಗೆ 8 ಅಂಗುಲದ ಅಳತೆಯದು, ಅಂದರೆ 7920ಕ್ಕೆ ಒಂದು. ಆ ಕಾಗದದ ಮೇಲೆ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ ಸುಮಾರು 8 ಮೀಟರ್. ಪೆನ್ಸಿಲ್ ಗೆರೆಯ ದಪ್ಪದಲ್ಲೇ ಒಂದು ಬಂಡಿದಾರಿ ಮುಚ್ಚಿಹೋಗುತ್ತದೆ. ಅದನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ನೂರು ಪಟ್ಟು ಹಿಗ್ಗಿಸಿದರೆ ಹಿಗ್ಗುವುದು ಗೆರೆ ಮಾತ್ರ, ನಿಜ ಹಿಗ್ಗುವುದಿಲ್ಲ. ಸರ್ವೆ ನಂಬರು ತೋರಿಸುವ ದಿಶಾಂಕ್ ಆಪ್ ಕೂಡ ತಿಳಿವಳಿಕೆಗೆ ಇರುವುದೇ ಹೊರತು ಕಲ್ಲು ನೆಡುವುದಕ್ಕಲ್ಲ. ಬದುವಿನ ತಕರಾರಿಗೆ ಹದ್ದುಬಸ್ತು ಅರ್ಜಿ, ಟಿಪ್ಪಣಿ ಹಿಡಿದ ಭೂಮಾಪಕರು, ಇಬ್ಬರ ಸಮಕ್ಷಮ ಅಳತೆ. ದಾರಿ ಅದೊಂದೇ.

ಈ ಮಾತನ್ನು ಪ್ರತಿ ತಂಡಕ್ಕೂ ನಾವು ಮೊದಲೇ ಹೇಳುತ್ತೇವೆ. ಅರ್ಧ ತಿಳಿದವರ ಕೈಯಲ್ಲಿ ನಕಾಶೆ ಅಂದರೆ ಊರಿಗೆ ಜಗಳ ತಂದ ಹಾಗೆ.

ಇನ್ನೊಂದು ಎಚ್ಚರಿಕೆ. ಓಪನ್‌ಸ್ಟ್ರೀಟ್‌ಮ್ಯಾಪಿಗೆ ಹಾಕಿದ್ದು ಜಗತ್ತಿಗೇ ಕಾಣುತ್ತದೆ. ರಸ್ತೆ, ಶಾಲೆ, ಬಸ್ ನಿಲ್ದಾಣ, ಕೆರೆ ಹಾಕೋಣ. ಯಾರ ಬೋರಿನಲ್ಲಿ ಎಷ್ಟು ನೀರು, ಯಾರ ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದಾರೆ, ಯಾರ ಸಾಲ ಎಷ್ಟು, ಇವೆಲ್ಲ ಬೀದಿಗೆ ಬರುವಂಥವಲ್ಲ. ಅದು ಸಂಘದ ಕಂಪ್ಯೂಟರಿನಲ್ಲೇ ಇರಬೇಕು. ಕೆಲವು ವಿವರ ಅಲ್ಲಿಯೂ ಬೇಡ.

ಕೆರೆಯ ಮೂರನೆಯ ಹಳ್ಳ

ಹಾಗಾದರೆ ಇದರಿಂದ ಆಗುವ ಕೆಲಸ ಯಾವುದು? ಒಂದನ್ನು ಹೇಳಿ ಮುಗಿಸುತ್ತೇವೆ.

ನಮ್ಮ ಕೆರೆಯ ತೂಬು, ಕೋಡಿ, ಅಚ್ಚುಕಟ್ಟಿನ ಕಾಲುವೆಗಳನ್ನು ಗುರುತು ಮಾಡುವಾಗ ನೀರುಗಂಟಿ ಹಿರಿಯರು ನಮ್ಮ ಜೊತೆ ಮೂರು ದಿನ ನಡೆದರು. ಯಾವ ಗದ್ದೆಗೆ ಮೊದಲು ನೀರು, ಯಾವ ಮಡುವಿನಲ್ಲಿ ಹೂಳು ನಿಲ್ಲುತ್ತದೆ, ಕೋಡಿ ಬಿದ್ದ ನೀರು ಎಲ್ಲಿ ಕೊರೆಯುತ್ತದೆ, ಎಲ್ಲ ಅವರ ಬಾಯಲ್ಲಿತ್ತು. ಯಾವ ಕಚೇರಿಯ ಕಾಗದದಲ್ಲೂ ಇರಲಿಲ್ಲ. ಅವರ ಮಕ್ಕಳು ಊರಲ್ಲಿಲ್ಲ. ಆ ಮೂರು ದಿನ ನಡೆಯದೆ ಹೋಗಿದ್ದರೆ ಈ ತಿಳಿವಳಿಕೆ ಅವರ ಕಾಲಕ್ಕೇ ಮುಗಿದುಹೋಗುತ್ತಿತ್ತು.

ಆಮೇಲೆ ಗ್ರಾಮ ನಕಾಶೆಯನ್ನು ಸ್ಕ್ಯಾನ್ ಮಾಡಿ, ಮೂರು ಊರಿನ ಗಡಿ ಸೇರುವ ಕಲ್ಲು, ಹಳೇ ದೇವಸ್ಥಾನ, ಕೆರೆ ಏರಿಯ ತುದಿ ಹೀಗೆ ಗೊತ್ತಿರುವ ಜಾಗಗಳಿಗೆ ಹೊಂದಿಸಿ ಉಪಗ್ರಹ ಚಿತ್ರದ ಮೇಲೆ ಕೂರಿಸಿದೆವು. ಆಗ ಕಂಡದ್ದು ಇದು: ಕೆರೆಗೆ ನೀರು ತರುತ್ತಿದ್ದ ಹಳ್ಳಗಳು ಎರಡಲ್ಲ, ಮೂರು. ಮೂರನೆಯದು ಈಗ ಹೊಲಗಳ ನಡುವೆ ಕರಗಿಹೋಗಿದೆ. "ಚಿಕ್ಕಂದಿನಲ್ಲಿ ಅಲ್ಲಿ ಮೀನು ಹಿಡಿತಿದ್ವಿ" ಅಂತ ನೀರುಗಂಟಿಯವರೂ ಹೇಳಿದರು.

ಈ ಸುದ್ದಿ ಊರಲ್ಲಿ ಹಬ್ಬಿದಾಗ ಕೆಲವರಿಗೆ ಬೇಸರವಾಯಿತು. "ನಮ್ಮ ಹೊಲದಲ್ಲಿ ಹಳ್ಳ ಬಿಡಿಸೋಕೆ ಬಂದಿದ್ದಾರೆ" ಅಂದರು. ಅವರ ಆತಂಕ ನಮಗೆ ಅರ್ಥವಾಗುತ್ತದೆ. ಆ ಹೊಲಗಳನ್ನು ಉಳುತ್ತಿರುವವರಲ್ಲಿ ಹಳ್ಳ ಮುಚ್ಚಿದವರು ಯಾರೂ ಇಲ್ಲದೆ ಇರಬಹುದು. ಅದು ಅವರ ತಂದೆಯ ಕಾಲಕ್ಕೂ ಹಿಂದಿನ ಮಾತಿರಬಹುದು. ನಾವು ಈಗಷ್ಟೇ ಹೇಳಿದೆವು, ನಮ್ಮ ಗೆರೆಗೆ ಹತ್ತು ಮೀಟರಿನ ಅನುಮಾನ ಇದ್ದೇ ಇದೆ. ಹಳ್ಳ ಇತ್ತು ಎಂದು ಹೇಳಬಹುದು, ಯಾವ ಸಾಲಿನಲ್ಲಿ ಇತ್ತು ಎಂದು ನಾವು ಹೇಳಲಾರೆವು. ಆದರೆ ಅಷ್ಟು ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡಿದ್ದರೆ, ಹೂಳು ತೆಗೆಸಿದ ಕೆರೆಗೆ ನೀರೇ ಬರುವುದಿಲ್ಲ. ಕೆರೆ ತುಂಬದಿದ್ದರೆ ಮೇಲಿನ ಹೊಲದವರ ಬೋರೂ ಬತ್ತುತ್ತದೆ, ಕೆಳಗಿನ ಗದ್ದೆಯೂ ಒಣಗುತ್ತದೆ. ಇದರಲ್ಲಿ ಗೆದ್ದವರು, ಸೋತವರು ಅಂತ ಎರಡು ಪಂಗಡ ಇಲ್ಲ.

ಆದ್ದರಿಂದ ನಮ್ಮದು ಮೂರು ಕೋರಿಕೆ. ಒಂದು, ಈ ನಕಾಶೆಯನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಸಂಘದ ಗೋಡೆಗೆ ತೂಗುಹಾಕಲು ಅಪ್ಪಣೆ ಕೊಡಿ. ತಪ್ಪು ಕಂಡವರು ಬಂದು ಪೆನ್ಸಿಲಿನಲ್ಲಿ ತಿದ್ದಲಿ. ಮುಂದಿನ ಭಾನುವಾರ ಕಂಪ್ಯೂಟರಿನಲ್ಲೂ ತಿದ್ದುತ್ತೇವೆ. ಎರಡು, ಮೂರನೆಯ ಹಳ್ಳದ ವಿಷಯ ಕಟ್ಟೆಯ ಮೇಲಿನ ಮಾತಾಗುವುದು ಬೇಡ. ಆ ಹೊಲದವರನ್ನು ಮುಂದೆ ಕೂರಿಸಿಕೊಂಡು ಸರ್ವ ಸದಸ್ಯರ ಸಭೆಯಲ್ಲೇ ಚರ್ಚೆಯಾಗಲಿ. ಇಲಾಖೆಯವರಿಂದ ಅಳತೆ ಮಾಡಿಸೋಣ. ಹಳ್ಳ ಬಿಡಿಸಬೇಕಾಗಿ ಬಂದರೆ ಅವರಿಗಾಗುವ ನಷ್ಟಕ್ಕೆ ಊರು ಏನು ಕೊಡಬಲ್ಲದು ಎಂಬುದನ್ನೂ ಅಂದೇ ಮಾತಾಡೋಣ. ಮೂರು, ಪ್ರತಿ ಮನೆಯಿಂದ ಒಬ್ಬರು, ಹುಡುಗಿಯಾಗಲಿ ಹುಡುಗನಾಗಲಿ ಅಜ್ಜಿಯಾಗಲಿ, ಮೇಲಿನ ಕೋಣೆಗೆ ಬನ್ನಿ. ನಾಲ್ಕು ಜನಕ್ಕೆ ಮಾತ್ರ ನಕಾಶೆ ಓದಲು ಬಂದರೆ ಆ ನಾಲ್ವರ ಮಾತೇ ನಡೆಯುತ್ತದೆ. ಊರಿಗೆಲ್ಲ ಓದಲು ಬಂದರೆ ಯಾರೂ ಯಾರಿಗೂ ಗೆರೆ ತೋರಿಸಿ ಹೆದರಿಸುವ ಹಾಗಿಲ್ಲ.

ಇಪ್ಪತ್ತೈದು ವರ್ಷದ ಹಿಂದೆ ಈ ಸಂಘದ ಲೆಕ್ಕದ ಪುಸ್ತಕ ತೆರೆದಾಗಲೂ "ನಮ್ಮ ಲೆಕ್ಕ ನಾವೇ ಬರೆಯೋದು ಉಂಟೇ?" ಅಂದವರು ಇದ್ದರು. ಬರೆದಿರಿ, ನಡೆಸಿದಿರಿ, ಇವತ್ತು ಬೆಳ್ಳಿಹಬ್ಬ ಮಾಡುತ್ತಿದ್ದೀರಿ. ಊರಿನ ನೆಲ, ನೀರಿನ ಲೆಕ್ಕವನ್ನೂ ಹಾಗೆಯೇ ನಾವೇ ಬರೆಯೋಣ.

 ಸಂಘ ಸುವರ್ಣ ಮಹೋತ್ಸವ ಕಾಣಲಿ.

ಜೈ ಸಹಕಾರ.